ಹಳೆಯ ಗಿರಾಕಿಗೆ ಹಳೆಯ ಪುಟ

“ತಮ್ಮಾ, ಬುಕ್ ಮಾಡೋ ಬಟನ್ ಒತ್ತಿದ್ರ ಏನೂ ಆಗವಲ್ದು.”

“ಕಾಕಾ, ನನ್ನ ಲ್ಯಾಪ್‌ಟಾಪ್‌ನ್ಯಾಗ ಚಲೋ ನಡ್ಯಾಕತ್ತೈತ್ರಿ. ಒಮ್ಮೆ ಕ್ಯಾಶ್ ಕ್ಲಿಯರ್ ಮಾಡಿ ನೋಡ್ರಿ.”

“ನಾ ಏನೋ ಮಾಡ್ತೇನಿ. ನನ್ನ ಗಿರಾಕಿಗೋಳಿಗೆಲ್ಲ ಇದನ್ನ ಯಾರ್ ಹೇಳಾವ್ರು?”

ಫೋನಿನ ಆ ತುದಿಯಲ್ಲಿ ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆ ಹೋಂಸ್ಟೇ ನಡೆಸುವ ಹಿರಿಯರು, ಈ ತುದಿಯಲ್ಲಿ ಬೆಳಗಾವಿಯ ಅನಗೋಳದಲ್ಲಿ ಮನೆಯ ಮಾಳಿಗೆಯನ್ನೇ ಆಫೀಸು ಮಾಡಿಕೊಂಡ ವೆಬ್ ಡಿಸೈನರ್ ಇದ್ದಾರೆ ಎಂದಿಟ್ಟುಕೊಳ್ಳೋಣ. ಇಬ್ಬರೂ ಕಲ್ಪಿತರು, ಸಂಭಾಷಣೆ ಮಾತ್ರ ಈ ಕಸುಬಿನಲ್ಲಿರುವ ಎಲ್ಲರಿಗೂ ಬಾಯಿಪಾಠ. ಹುಡುಗ ಹಿಂದಿನ ರಾತ್ರಿ ತಾಣಕ್ಕೆ ಹೊಸ ಬುಕಿಂಗ್ ಬಟನ್ ಹಾಕಿದ್ದಾನೆ. ಮೊದಲ ಸಲ ತಾಣಕ್ಕೆ ಬಂದ ಪುಣೆಯ ಪ್ರವಾಸಿಗೆ ಬಟನ್ ಸರಿಯಾಗಿಯೇ ಕೆಲಸ ಮಾಡುತ್ತದೆ. ಪ್ರತಿ ಮಳೆಗಾಲಕ್ಕೂ ತಪ್ಪದೆ ಬರುವ, ಆಗಾಗ ತಾಣ ತೆರೆದು ನೋಡುವ ಹುಬ್ಬಳ್ಳಿಯ ಕುಟುಂಬದ ಫೋನಿನಲ್ಲಿ ಅದೇ ಬಟನ್ ಸತ್ತು ಬಿದ್ದಿರುತ್ತದೆ. ಈ ರೋಗದ ಲಕ್ಷಣವೇ ಅದು: ಹೊಸಬರು ಪಾರಾಗುತ್ತಾರೆ, ನಂಬಿಕೊಂಡ ಹಳೆಯ ಗಿರಾಕಿಗಳು ಸಿಕ್ಕಿಹಾಕಿಕೊಳ್ಳುತ್ತಾರೆ. ಮಾಲೀಕ ದೂರು ಕೊಟ್ಟಾಗ ಡಿಸೈನರ್ ತನ್ನ ಯಂತ್ರದಲ್ಲಿ ನೋಡುತ್ತಾನೆ. ಅಲ್ಲಿ ಎಲ್ಲವೂ ಸರಿ.

ವೆಬ್ ಪುಟ ಎಂದು ನಾವು ಕರೆಯುವುದರಲ್ಲಿ ಹಲವು ಕಡತಗಳು ಸೇರಿರುತ್ತವೆ. ಬರಹ ಮತ್ತು ಅದರ ಅಂಗರಚನೆ ಎಚ್‌ಟಿಎಂಎಲ್ ಕಡತದಲ್ಲಿರುತ್ತದೆ. ಬಣ್ಣ, ಅಕ್ಷರದ ಗಾತ್ರ, ಅಂಚು, ಅಂತರ ಇವೆಲ್ಲ ಸಿಎಸ್‌ಎಸ್ ಎಂಬ ಸ್ಟೈಲ್‌ಶೀಟ್‌ನ ಪಾಲು. ಬಟನ್ ಒತ್ತಿದರೆ ಏನಾಗಬೇಕೆಂದು ಹೇಳುವುದು ಜಾವಾಸ್ಕ್ರಿಪ್ಟ್. ಎಚ್‌ಟಿಎಂಎಲ್ ಚಿಕ್ಕದು, ದಿನಕ್ಕೊಮ್ಮೆ ಬದಲಾದರೂ ಬದಲಾದೀತು. ಉಳಿದೆರಡು ದೊಡ್ಡವು, ತಿಂಗಳುಗಟ್ಟಲೆ ಹಾಗೇ ಇರುತ್ತವೆ. ಒಂದೇ ತಾಣದ ಹತ್ತು ಪುಟ ನೋಡಿದರೆ ಹತ್ತಕ್ಕೂ ಬೇಕಾದ ಸ್ಟೈಲ್‌ಶೀಟ್ ಒಂದೇ. ಹಾಗಾಗಿ ಬ್ರೌಸರ್ ಅದನ್ನು ಒಮ್ಮೆ ತರಿಸಿಕೊಂಡು ಫೋನಿನ ಒಳಗೇ ಕಾದಿರಿಸುತ್ತದೆ. ಆ ದಾಸ್ತಾನಿಗೆ ಕ್ಯಾಶ್ ಎಂದು ಹೆಸರು. ಕಣಕುಂಬಿಯ ಕಾಡಂಚಿನಲ್ಲಿ ಸಿಗ್ನಲ್‌ನ ಒಂದೇ ಕಡ್ಡಿ ಹಿಡಿದು ನಿಂತವರಿಗೆ ಪುಟ ಅಷ್ಟಾದರೂ ತೆರೆದುಕೊಳ್ಳುವುದು ಇದರ ಕೃಪೆಯಿಂದ. ಆದ್ದರಿಂದ ಕ್ಯಾಶನ್ನು ಬೈದು ಪ್ರಯೋಜನವಿಲ್ಲ, ಅದನ್ನು ತೆಗೆದುಹಾಕುವುದಂತೂ ಮದ್ದೇ ಅಲ್ಲ.

ಎಷ್ಟು ದಿನ ಕಾದಿರಿಸಬೇಕು? ಈ ಲೆಕ್ಕಾಚಾರಕ್ಕೆ ನಿಯಮಗಳಿವೆ. ಬ್ರೌಸರ್ ಮತ್ತು ತಾಣವಿರುವ ಸರ್ವರ್ ನಡುವಿನ ಎಚ್‌ಟಿಟಿಪಿ 1.1 ಎಂಬ ಒಪ್ಪಂದ 1997ರಲ್ಲಿ ಪ್ರಕಟವಾಗಿ 1999ರಲ್ಲಿ ಪರಿಷ್ಕೃತವಾಯಿತು. ಕ್ಯಾಶ್ ಕಂಟ್ರೋಲ್ ಎಂಬ ತಲೆಬರಹ ಬಂದದ್ದು ಅದರೊಂದಿಗೆ. ಸರ್ವರ್ ಕಡತ ಕಳಿಸುವಾಗ ‘ಇದು ಇಷ್ಟು ಸೆಕೆಂಡು ತಾಜಾ’ ಎಂದು ಅದರಲ್ಲಿ ಬರೆಯುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವ ಅಂಕಿ 31536000, ಅಂದರೆ ಸರಿಯಾಗಿ 365 ದಿನ. ಒಂದು ವರ್ಷಕ್ಕಿಂತ ಮುಂದಿನ ಗಡುವು ಕೊಡಬಾರದು ಎಂದು 1999ರ ನಿಯಮ ಹೇಳಿತ್ತು, ಆ ವಾಡಿಕೆ ಇಂದಿಗೂ ಉಳಿದಿದೆ. ಗಡುವು ಮುಗಿದ ಮೇಲೆ ಬ್ರೌಸರ್ ‘ಬದಲಾಗಿದೆಯೇ?’ ಎಂದು ಕೇಳುತ್ತದೆ. ಇಲ್ಲವಾದರೆ ಸರ್ವರ್ 304 ಎಂಬ ಸಂಖ್ಯೆಯನ್ನಷ್ಟೇ ಕಳಿಸುತ್ತದೆ, ಕಡತ ಮತ್ತೆ ಬರುವುದಿಲ್ಲ.

ನಮ್ಮ ಅನಗೋಳದ ಹುಡುಗ ಇಂಥ ಗಡುವನ್ನೇ ಕೊಟ್ಟಿರಲಿಲ್ಲ. ಆದರೂ ಹೀಗೇಕಾಯಿತು? ಸರ್ವರ್ ಬಾಯಿ ಬಿಡದಿದ್ದರೆ ಬ್ರೌಸರ್ ಅಂದಾಜು ಕಟ್ಟುತ್ತದೆ. ಕಡತ ಕೊನೆಯ ಸಲ ಬದಲಾಗಿ ಎಷ್ಟು ದಿನವಾಗಿದೆಯೋ ಅದರ ಹತ್ತನೇ ಒಂದು ಪಾಲಿನಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದು ನಿಯಮಾವಳಿಯ ಸೂಚನೆ. ನೂರು ದಿನ ಮುಟ್ಟದ ಸ್ಕ್ರಿಪ್ಟ್ ಆಗಿದ್ದರೆ ಹತ್ತು ದಿನ. ತಾಣ ಹಳೆಯದಾದಷ್ಟೂ, ಅದನ್ನು ಕಡಿಮೆ ಮುಟ್ಟಿದಷ್ಟೂ, ಒಂದು ದಿನ ಮುಟ್ಟಿದಾಗ ಆಗುವ ಪೇಚು ದೊಡ್ಡದು. ಎಚ್‌ಟಿಎಂಎಲ್ ಹೊಸದು ಬಂದಿದೆ, ಅದರಲ್ಲಿ ಬಟನ್ ಇದೆ. ಸ್ಕ್ರಿಪ್ಟ್ ಹಳೆಯದೇ ಉಳಿದಿದೆ, ಅದಕ್ಕೆ ಅಂಥ ಬಟನ್ ಇದೆಯೆಂಬುದೇ ತಿಳಿಯದು.

ಇನ್ನೂ ಬಿಗಿಯಾದ ಗಂಟು ಬೇರೆ ಇದೆ. ಒಮ್ಮೆ ‘ವರ್ಷವಿಡೀ ತಾಜಾ’ ಎಂದು ಹೇಳಿ ಕಳಿಸಿದ ಕಡತವನ್ನು ಸರ್ವರ್ ತಾನಾಗಿ ಹೋಗಿ ಹಿಂದಕ್ಕೆ ತರಲಾರದು. ಬ್ರೌಸರ್ ಕೇಳಲು ಬಂದರೆ ತಾನೇ ಉತ್ತರ ಹೇಳುವುದು? ಗಡುವು ಇರುವವರೆಗೆ ಅದು ಕೇಳುವುದೇ ಇಲ್ಲ. ಗಡುವು ಚಿಕ್ಕದಾದರೆ ನಿಧಾನ, ದೊಡ್ಡದಾದರೆ ಹಳಸಲು. ಈ ಇಕ್ಕಟ್ಟಿನಿಂದ ಪಾರಾಗಲು ವೆಬ್ ತಯಾರಕರು ಕಂಡುಕೊಂಡ ದಾರಿಗೆ ಕ್ಯಾಶ್ ಬಸ್ಟಿಂಗ್ ಎನ್ನುತ್ತಾರೆ. ಉಪಾಯ ಸರಳ: ಕಡತದ ಒಳಗು ಬದಲಾದರೆ ಹೆಸರೂ ಬದಲಾಗಬೇಕು. ಬ್ರೌಸರ್ ದಾಸ್ತಾನಿನಲ್ಲಿ ಹುಡುಕುವುದು ವಿಳಾಸದಿಂದ. ಕಂಡಿರದ ವಿಳಾಸ ಎದುರಾದರೆ ಅದು ತರಿಸಿಕೊಳ್ಳಲೇಬೇಕು.

2014ರ ನವೆಂಬರ್ 1ರಂದು ಸರ್ಕಾರಿ ಇಂಗ್ಲಿಷಿನ ಬೆಳಗಾಂ ಬೆಳಗಾವಿಯಾದಾಗ ಊರು ಅದೇ ಇತ್ತು, ಹೆಸರಷ್ಟೇ ಬದಲಾಯಿತು. ಹಳೆಯ ಹೆಸರಿಗೆ ಬರೆದ ಪತ್ರವೂ ಊರಿಗೆ ಬಂದು ಮುಟ್ಟುತ್ತಿತ್ತು. ಕ್ಯಾಶ್ ಬಸ್ಟಿಂಗ್‌ನಲ್ಲಿ ಇದು ತಿರುಗುಮುರುಗು. ಒಳಗಿನ ಒಂದು ಅಲ್ಪವಿರಾಮ ಅಲುಗಿದರೂ ಹೊಸ ಹೆಸರು ಬೇಕು, ಹಳೆಯ ಹೆಸರು ಹಳೆಯ ಸರಕನ್ನೇ ತೋರಿಸುತ್ತಿರಬೇಕು.

ಹೆಸರು ಬದಲಿಸುವುದರಲ್ಲೂ ತಲೆಮಾರುಗಳಿವೆ. ಮೊದಲನೆಯದು ವಿಳಾಸದ ಬಾಲಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಆವೃತ್ತಿ ಸಂಖ್ಯೆ ಅಂಟಿಸುವುದು. ಸಣ್ಣ ಊರಿನ ಅಂಗಡಿಗಳ, ಸಂಘಸಂಸ್ಥೆಗಳ ಎಷ್ಟೋ ತಾಣಗಳು ನಿಂತಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ, ಅದರಲ್ಲಿ ಇಂದಿಗೂ ಈ ಪದ್ಧತಿಯೇ ಇದೆ. ಪುಟದ ಮೂಲವನ್ನು ತೆರೆದು ನೋಡಿದರೆ ಸ್ಟೈಲ್‌ಶೀಟ್ ವಿಳಾಸದ ಕೊನೆಯಲ್ಲಿ ‘ವರ್’ ಎಂದು ಬರೆದು ಪಕ್ಕದಲ್ಲಿ ಒಂದು ಅಂಕಿ ಕಾಣುತ್ತದೆ. ಎಡವಟ್ಟಾಗುವುದು ಇಲ್ಲೇ. ತಾಣದ ರೂಪ ನಿರ್ಧರಿಸುವ ಥೀಮ್ ಬರೆದವನು ತನ್ನದೇ ಅಂಕಿ ಕೊಡದಿದ್ದರೆ ವರ್ಡ್‌ಪ್ರೆಸ್ ತನ್ನ ಸ್ವಂತ ಆವೃತ್ತಿ ಸಂಖ್ಯೆಯನ್ನು ಅಲ್ಲಿ ಹಾಕಿಬಿಡುತ್ತದೆ. ಡಿಸೈನರ್ ಸ್ಟೈಲ್‌ಶೀಟ್‌ನಲ್ಲಿ ದಿನಕ್ಕೆ ಹತ್ತು ತಿದ್ದುಪಡಿ ಮಾಡಿದರೂ ವರ್ಡ್‌ಪ್ರೆಸ್ ನವೀಕರಣವಾಗುವವರೆಗೆ ವಿಳಾಸ ಕದಲುವುದಿಲ್ಲ. ಬಲ್ಲವರು ಅಲ್ಲಿ ಕಡತ ಕೊನೆಯದಾಗಿ ತಿದ್ದಲ್ಪಟ್ಟ ಹೊತ್ತನ್ನು ತಾನಾಗಿ ಬರೆಯುವ ಏರ್ಪಾಡು ಮಾಡುತ್ತಾರೆ. ಒಂದೇ ಸಾಲಿನ ಕೆಲಸ. ಅಂಕಿಯನ್ನು ಕೈಯಾರೆ ಏರಿಸುತ್ತೇನೆ ಎಂದುಕೊಂಡವರು ಮೂರನೇ ಸಲಕ್ಕೆ ಮರೆಯುತ್ತಾರೆ, ಅದೂ ಗಿರಾಕಿ ತಲೆಯ ಮೇಲೆ ಕೂತಿರುವ ಹೊತ್ತಿನಲ್ಲೇ.

ಪ್ರಶ್ನಾರ್ಥಕ ಚಿಹ್ನೆಗೆ ತಕರಾರು ತೆಗೆದವರಲ್ಲಿ ಅಮೆರಿಕದ ಸ್ಟೀವ್ ಸೌಡರ್ಸ್ ಪ್ರಮುಖರು. ತಾಣಗಳನ್ನು ವೇಗಗೊಳಿಸುವ ಬಗೆಯನ್ನು ಕುರಿತು 2007ರಲ್ಲಿ ಪುಸ್ತಕ ಬರೆದವರು ಅವರು. ಮರುವರ್ಷ ಅವರು ತೋರಿಸಿಕೊಟ್ಟದ್ದೇನೆಂದರೆ, ಕಚೇರಿ ಕಾಲೇಜುಗಳಲ್ಲಿ ನಡುವೆ ನಿಂತು ಕಡತ ಸಂಗ್ರಹಿಸುತ್ತಿದ್ದ ಸ್ಕ್ವಿಡ್‌ನಂಥ ಪ್ರಾಕ್ಸಿಗಳು ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಆ ಕಡತವನ್ನು ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಬಾಲಕ್ಕೆ ಅಂಟಿಸುವ ಬದಲು ಹೆಸರಿನೊಳಗೇ ಆವೃತ್ತಿ ಸೇರಿಸಿ ಎಂದರು. ಸ್ಕ್ವಿಡ್ ತನ್ನ ಪಟ್ಟನ್ನು ಆಮೇಲೆ ಸಡಿಲಿಸಿತು. ಆದರೆ ಹೆಸರಿನೊಳಗೆ ಗುರುತು ಸೇರಿಸುವ ಪದ್ಧತಿ ಬೇರೂರಿತು. 2011ರ ಆಗಸ್ಟ್‌ನಲ್ಲಿ ಬಂದ, ತಾಣ ಕಟ್ಟುವ ಸಲಕರಣೆಯಾದ ರೇಲ್ಸ್ 3.1 ಅದನ್ನು ತನ್ನ ರೂಢಿಯಾಗಿಸಿಕೊಂಡಿತು, ಅಂಥವೇ ಆದ ಜಾಂಗೋ, ವೆಬ್‌ಪ್ಯಾಕ್, ವೀಟ್ ಎಲ್ಲವೂ ಅದೇ ಹಾದಿ ಹಿಡಿದವು.

ಆ ಗುರುತು ಹುಟ್ಟುವುದು ಹೇಗೆಂದು ಹತ್ತಿರದಿಂದ ನೋಡಬಹುದು. ಹೋಂಸ್ಟೇ ತಾಣದ ‘ಸ್ಟೈಲ್.ಸಿಎಸ್‌ಎಸ್’ ಕಡತದ ಅಷ್ಟೂ ಅಕ್ಷರಗಳನ್ನು ಹ್ಯಾಶ್ ಎಂಬ ಗಣಿತಕ್ಕೆ ಕೊಟ್ಟರೆ ನಿಗದಿತ ಉದ್ದದ ಒಂದು ಸರಣಿ ಹೊರಬರುತ್ತದೆ. ಎಂಡಿ5 ಎಂಬ ವಿಧಾನದಲ್ಲಿ ಅದು 32 ಚಿಹ್ನೆಗಳಷ್ಟು ಉದ್ದ. ಹದಿನಾರು ಚಿಹ್ನೆಗಳಿಂದ, ಅಂದರೆ 0ಯಿಂದ 9ರವರೆಗಿನ ಅಂಕಿಗಳು ಮತ್ತು ಆರು ಅಕ್ಷರಗಳಿಂದ ಅದನ್ನು ಕಟ್ಟಲಾಗುತ್ತದೆ. ಅದರ ಮೊದಲ ಕೆಲವು ಚಿಹ್ನೆಗಳನ್ನು ಕತ್ತರಿಸಿ ಹೆಸರಿಗೆ ಸೇರಿಸಿದರೆ ಕಡತ ‘ಸ್ಟೈಲ್.9ಎಫ್3ಬಿ07ಎ1.ಸಿಎಸ್‌ಎಸ್’ ಆಗುತ್ತದೆ. ಬಟನ್ನಿನ ಬಣ್ಣವನ್ನು ಹಸಿರಿನಿಂದ ಕೆಂಪಿಗೆ ತಿರುಗಿಸಿದರೆ ಸರಣಿ ಪೂರ್ತಿ ಬೇರೆಯಾಗುತ್ತದೆ. ಬಣ್ಣ ಮತ್ತೆ ಹಸಿರಾದರೆ ಹಳೆಯ ಸರಣಿಯೇ ಮರಳುತ್ತದೆ, ಫೋನಿನಲ್ಲಿ ಹಳೆಯ ಪ್ರತಿ ಇನ್ನೂ ಉಳಿದಿದ್ದರೆ ಅದೇ ಕೆಲಸಕ್ಕೆ ಬರುತ್ತದೆ. ಎಂಟು ಚಿಹ್ನೆಗಳಿದ್ದರೆ ಸುಮಾರು 429 ಕೋಟಿ ಸಾಧ್ಯತೆಗಳು. ಜಾಂಗೋ ಹನ್ನೆರಡು ಚಿಹ್ನೆ ಬಳಸುತ್ತದೆ. ದಿನಾಂಕಕ್ಕಿಂತ ಹ್ಯಾಶ್ ಮೇಲು, ಏಕೆಂದರೆ ಕಡತವನ್ನು ಸರ್ವರಿಗೆ ಮರುನಕಲು ಮಾಡಿದ ಮಾತ್ರಕ್ಕೆ ದಿನಾಂಕ ಬದಲಾದೀತು, ಹ್ಯಾಶ್ ಬದಲಾಗದು.

ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಫಿಲ್ ಕಾರ್ಲ್‌ಟನ್, ಕಂಪ್ಯೂಟರ್ ವಿಜ್ಞಾನದಲ್ಲಿ ನಿಜಕ್ಕೂ ಕಷ್ಟವಾದವು ಎರಡೇ, ಕ್ಯಾಶನ್ನು ಸಕಾಲಕ್ಕೆ ರದ್ದುಮಾಡುವುದು ಮತ್ತು ಹೆಸರಿಡುವುದು ಎನ್ನುತ್ತಿದ್ದರಂತೆ. ಹ್ಯಾಶ್ ಪದ್ಧತಿ ಎರಡನೆಯ ಕಷ್ಟವನ್ನು ಯಂತ್ರದ ತಲೆಗೆ ಕಟ್ಟಿ ಮೊದಲನೆಯದನ್ನು ಬಗೆಹರಿಸಿಕೊಂಡಿತು.

ಹಾಗಾದರೆ ಹೊಸ ಹೆಸರನ್ನು ಬ್ರೌಸರಿಗೆ ತಿಳಿಸುವವರು ಯಾರು? ಎಚ್‌ಟಿಎಂಎಲ್. ಆದ್ದರಿಂದ ಸ್ಟೈಲ್‌ಶೀಟ್‌ಗೆ ಒಂದು ವರ್ಷದ ಗಡುವು ಕೊಟ್ಟರೂ ಎಚ್‌ಟಿಎಂಎಲ್ ಅನ್ನು ಪ್ರತಿ ಸಲ ಕೇಳಿ ತರಿಸಿಕೊಳ್ಳುವಂತೆ ಇಡಬೇಕು. ಎಚ್‌ಟಿಎಂಎಲ್ಲೇ ಹಳಸಿದರೆ ಒಳಗಿನ ಹ್ಯಾಶ್‌ಗಳೂ ಹಳೆಯವೇ. ಈ ಸಿಕ್ಕು ಕನ್ನಡದಲ್ಲಿ ಎಲ್ಲಿ ನಿಜವಾಗಿ ಎದುರಾಗಿದೆ, ಅದಕ್ಕೆ ಏನು ಮಾಡಿದ್ದಾರೆ ಎಂದು ನೋಡಲು ಒಳ್ಳೆಯ ಜಾಗ ಕನ್ನಡ ವಿಕಿಪೀಡಿಯ.

2003ರ ಜೂನ್‌ನಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ತಂತ್ರಾಂಶದ ಮೇಲೆ. ಅನಗೋಳದಲ್ಲಿ ಕೂತು ಮಲಪ್ರಭಾ ನದಿಯ ಲೇಖನ ತೆರೆದರೆ ಆ ಕೋರಿಕೆ ಸಾಮಾನ್ಯವಾಗಿ ಹೋಗುವುದು ಸಿಂಗಪುರಕ್ಕೆ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯಾ 2018ರಲ್ಲಿ ಅಲ್ಲಿ ತನ್ನ ಕ್ಯಾಶ್ ಕೇಂದ್ರ ತೆರೆದಿದೆ. ಲಾಗಿನ್ ಆಗದ ಓದುಗರಿಗೆ ಇಡೀ ಪುಟವೇ ಆ ದಾಸ್ತಾನಿನಿಂದ ಬರುತ್ತದೆ. ಲೇಖನವನ್ನು ಯಾರೂ ತಿದ್ದದಿದ್ದರೆ ಅದೇ ಎಚ್‌ಟಿಎಂಎಲ್ ಹೊತ್ತುಗಟ್ಟಲೆ, ದಿನಗಟ್ಟಲೆ ಹಾಗೇ ಇರಬಹುದು. ಅದರೊಳಗೆ ಸ್ಕ್ರಿಪ್ಟ್‌ನ ಹ್ಯಾಶ್ ಬರೆದಿಟ್ಟರೆ, ಸ್ಕ್ರಿಪ್ಟ್ ಬದಲಾದಾಗ ಲಕ್ಷಾಂತರ ಪುಟಗಳನ್ನು ದಾಸ್ತಾನಿನಿಂದ ತೆಗೆಯಬೇಕಾದೀತು.

ಇದಕ್ಕೆ ವಿಕಿಮೀಡಿಯಾದ ಟ್ರೆವರ್ ಪಾರ್ಸ್‌ಕಲ್, ರೋನ್ ಕಾಟೌ ಮುಂತಾದವರು ಕಟ್ಟಿದ್ದು ರಿಸೋರ್ಸ್‌ಲೋಡರ್ ಎಂಬ ಏರ್ಪಾಡು. 2011ರಲ್ಲಿ ಮೀಡಿಯಾವಿಕಿ 1.17ರೊಂದಿಗೆ ಬಂತು. ಅದರಲ್ಲಿ ಪುಟವು ಸ್ಕ್ರಿಪ್ಟ್‌ಗಳ ಹ್ಯಾಶ್‌ಗಳನ್ನು ಹೊತ್ತಿರುವುದಿಲ್ಲ, ‘ಸ್ಟಾರ್ಟಪ್’ ಎಂಬ ಒಂದು ಚಿಕ್ಕ ಕಡತವನ್ನು ಕರೆಯುತ್ತದೆ ಅಷ್ಟೆ. ಅದರ ಆಯುಷ್ಯ ಐದೇ ನಿಮಿಷ. ಪ್ರತಿಯೊಂದು ಸ್ಕ್ರಿಪ್ಟ್ ಘಟಕದ ಹೆಸರೂ ಐದು ಚಿಹ್ನೆಗಳ ಅದರ ಹ್ಯಾಶೂ ಆ ಕಡತದಲ್ಲಿ ಪಟ್ಟಿಯಾಗಿ ಇರುತ್ತವೆ. ಬ್ರೌಸರ್ ಪಟ್ಟಿ ನೋಡಿ, ತನ್ನಲ್ಲಿ ಇಲ್ಲದ ಘಟಕಗಳನ್ನಷ್ಟೇ ಹ್ಯಾಶ್ ಸಮೇತ ಕೇಳುತ್ತದೆ. ಹಾಗೆ ಹ್ಯಾಶ್ ಹೊತ್ತು ಬಂದ ಕಡತಗಳಿಗೆ ಮೂವತ್ತು ದಿನದ ಗಡುವು. ಪುಟದಲ್ಲೇ ನೇರವಾಗಿ ಕರೆಯುವ ಸ್ಟೈಲ್‌ಶೀಟ್‌ಗಳಿಗೆ ಹ್ಯಾಶ್ ಇಲ್ಲ, ಅವೂ ಐದು ನಿಮಿಷದವೇ. ಹೀಗಾಗಿ ತಂತ್ರಾಂಶದ ಹೊಸ ಆವೃತ್ತಿ ಏರಿದ ಸ್ವಲ್ಪ ಹೊತ್ತಿನಲ್ಲೇ ಹೊಸ ಸ್ಟೈಲ್ ಹಳೆಯ ಎಚ್‌ಟಿಎಂಎಲ್ ಮೇಲೆ ಬಂದು ಕೂರುತ್ತದೆ. ಹಳೆಯ ಪುಟದ ಅಂದ ಕೆಡದಂತೆ ಹಳೆಯ ನಿಯಮಗಳನ್ನೂ ಕೆಲಕಾಲ ಉಳಿಸಿಕೊಳ್ಳುವ ಶಿಸ್ತು ಅಲ್ಲಿನ ಎಂಜಿನಿಯರುಗಳದು.

ಭಾಷೆ ಇಲ್ಲಿ ನೇರವಾಗಿ ಒಳಗೆ ಬರುತ್ತದೆ. ವಿಕಿಪೀಡಿಯದ ಬಟನ್‌ಗಳ ಮೇಲಿನ ಕನ್ನಡ ಮಾತುಗಳನ್ನು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಸ್ವಯಂಸೇವಕರು ಅನುವಾದಿಸುತ್ತಾರೆ. ಅವು ಸ್ಕ್ರಿಪ್ಟ್ ಘಟಕದ ಜೊತೆಗೇ ಪ್ಯಾಕ್ ಆಗಿ ಬರುತ್ತವೆ, ಹ್ಯಾಶ್ ಲೆಕ್ಕಕ್ಕೂ ಸೇರುತ್ತವೆ. ಕನ್ನಡದ ಒಂದು ಪದ ತಿದ್ದಿದರೆ ಆ ಘಟಕದ ಹ್ಯಾಶ್ ಕನ್ನಡ ಓದುಗರಿಗೆ ಮಾತ್ರ ಬದಲಾಗುತ್ತದೆ. ಮರಾಠಿ ವಿಕಿಪೀಡಿಯ ನೋಡುತ್ತಿರುವ ಪಕ್ಕದ ಮನೆಯವರ ಫೋನಿನಲ್ಲಿ ಹಳೆಯ ಕಡತವೇ ಮುಂದುವರಿಯುತ್ತದೆ. ಎರಡೂ ಭಾಷೆ ಒಂದೇ ಓಣಿಯಲ್ಲಿ ಕೇಳುವ ಬೆಳಗಾವಿಯಲ್ಲಿ ಇದು ದಿನನಿತ್ಯ ಯಾರ ಗಮನಕ್ಕೂ ಬಾರದೆ ನಡೆಯುವ ಸಂಗತಿ.

ಕನ್ನಡ ಓದುಗರಿಗೆ ಕ್ಯಾಶ್ ಹೆಚ್ಚು ಮುಖ್ಯವಾಗಲು ಇನ್ನೊಂದು ಕಾರಣ ಫಾಂಟು. ಒತ್ತಕ್ಷರ, ಗುಣಿತಾಕ್ಷರಗಳೆಲ್ಲ ಸೇರಿ ಕನ್ನಡ ಫಾಂಟಿನ ಕಡತ ರೋಮನ್ ಫಾಂಟಿಗಿಂತ ಭಾರ. ಗೂಗಲ್ ಫಾಂಟ್ಸ್‌ನಿಂದ ನೋಟೊ ಸ್ಯಾನ್ಸ್ ಕನ್ನಡ ತರಿಸಿಕೊಳ್ಳುವ ತಾಣಗಳಲ್ಲೂ ಇದೇ ಉಪಾಯವಿದೆ: ಫಾಂಟ್ ಎಲ್ಲಿದೆ ಎಂದು ಹೇಳುವ ಪುಟ್ಟ ಸ್ಟೈಲ್‌ಶೀಟ್‌ಗೆ ಒಂದು ದಿನದ ಆಯುಷ್ಯ, ಆವೃತ್ತಿ ಸಂಖ್ಯೆಯನ್ನು ವಿಳಾಸದಲ್ಲೇ ಹೊತ್ತ ಫಾಂಟ್ ಕಡತಕ್ಕೆ ಒಂದು ವರ್ಷ. ಒಂದು ಪತ್ರಿಕೆಯ ತಾಣದಲ್ಲಿ ಬಂದ ಫಾಂಟ್ ಇನ್ನೊಂದರಲ್ಲೂ ಬಳಕೆಯಾಗುತ್ತದೆ ಎಂಬ ಲಾಭ ಮೊದಲಿತ್ತು. ಯಾರ ಬ್ರೌಸರಿನಲ್ಲಿ ಯಾವ ಕಡತವಿದೆ ಎಂದು ಅಳೆದು ಜನರ ಜಾಡು ಹಿಡಿಯಬಹುದೆಂಬ ಕಾರಣಕ್ಕೆ ಬ್ರೌಸರುಗಳು ದಾಸ್ತಾನನ್ನು ತಾಣವಾರು ಭಾಗ ಮಾಡಿದವು. ಸಫಾರಿ ಬಹಳ ಮೊದಲೇ, ಕ್ರೋಮ್ 2020ರ ಅಕ್ಟೋಬರಿನಲ್ಲಿ, ಫೈರ್‌ಫಾಕ್ಸ್ 2021ರ ಜನವರಿಯಲ್ಲಿ. ಈಗ ಅದೇ ಫಾಂಟನ್ನು ಪ್ರತಿ ತಾಣಕ್ಕೂ ಬೇರೆಬೇರೆಯಾಗಿ ಇಳಿಸಿಕೊಳ್ಳಬೇಕು. ಖಾಸಗಿತನಕ್ಕೆ ತೆತ್ತ ಡೇಟಾ ಅದು, ಅಡ್ಡಿಯಿಲ್ಲ.

ಹ್ಯಾಶ್ ಹಾಕಿದ ಮೇಲೂ ಕೆಡಿಸಿಕೊಳ್ಳುವ ದಾರಿಗಳಿವೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು, ಹೊಸ ಕಡತ ಏರಿಸುವಾಗ ಹಳೆಯದನ್ನು ಅಳಿಸಿಬಿಡುವುದು. ಯಾರೋ ಬೆಳಿಗ್ಗೆ ಫಾರ್ಮ್ ತೆರೆದು ಅರ್ಧ ತುಂಬಿ ಊಟಕ್ಕೆ ಎದ್ದಿದ್ದಾರೆ. ಮಧ್ಯಾಹ್ನ ಹೊಸ ಆವೃತ್ತಿ ಏರಿದೆ. ಅವರು ಬಂದು ‘ಮುಂದೆ’ ಒತ್ತಿದರೆ, ಈಗಿನ ಅಪ್ಲಿಕೇಶನ್‌ಗಳು ಸ್ಕ್ರಿಪ್ಟನ್ನು ತುಂಡು ಮಾಡಿ ಬೇಕಾದಾಗ ತರಿಸುವುದರಿಂದ, ಬ್ರೌಸರ್ ಹಳೆಯ ಹೆಸರಿನ ತುಂಡನ್ನು ಸರ್ವರಿನಲ್ಲಿ ಕೇಳುತ್ತದೆ. ಅದು ಅಲ್ಲಿಲ್ಲ. ಪರದೆ ಬಿಳಿ. ವೆಬ್‌ಪ್ಯಾಕ್ ಬಳಸುವವರಿಗೆ ‘ಚಂಕ್ ಲೋಡ್ ಎರರ್’ ಎಂಬ ಮಾತು ಚಿರಪರಿಚಿತ. ಹಳೆಯ ಕಡತಗಳನ್ನು ಕೆಲವು ವಾರವಾದರೂ ಇಟ್ಟುಕೊಂಡರೆ ಈ ಗೋಳಿಲ್ಲ, ಡಿಸ್ಕಿನಲ್ಲಿ ಅವಕ್ಕೆ ಬೇಕಾದ ಜಾಗವೂ ಅತ್ಯಲ್ಪ.

ಇನ್ನು ‘ಕಂಟ್ರೋಲ್ ಎಫ್5 ಒತ್ತಿ’, ‘ಕ್ಯಾಶ್ ಕ್ಲಿಯರ್ ಮಾಡಿ’ ಎಂದು ಸಹಾಯ ಪುಟದಲ್ಲಿ ಬರೆದು ಕೈತೊಳೆದುಕೊಳ್ಳುವ ಪೋರ್ಟಲ್‌ಗಳಿವೆ. ಇದು ತಯಾರಕ ತಾನು ಮಾಡಬೇಕಾದ ಕೆಲಸವನ್ನು ಬಳಕೆದಾರನ ಹೆಗಲಿಗೆ ದಾಟಿಸುವುದು. ಮೊಬೈಲಿನಲ್ಲಿ ಎಫ್5 ಕೀಲಿಯೇ ಇಲ್ಲ. ಕ್ಯಾಶ್ ಅಳಿಸಲು ಹೊರಟ ಹಿರಿಯರು ಪಕ್ಕದ ಗುರುತನ್ನೂ ಒತ್ತಿ ಎಲ್ಲ ತಾಣಗಳಿಂದ ಲಾಗೌಟ್ ಆಗಿ ಕೂರುತ್ತಾರೆ. ಸ್ಟೈಲ್ ತಿದ್ದುವ ಪುಟವನ್ನು ಉಳಿಸಿದಾಗ ಕ್ಯಾಶ್ ದಾಟಿ ನೋಡಿ ಎಂಬ ಸೂಚನೆ ವಿಕಿಪೀಡಿಯದಲ್ಲೂ ಇದೆ. ಆದರೆ ಅದು ಕಾಣುವುದು ತಿದ್ದುವವರಿಗೆ, ಓದುಗರಿಗಲ್ಲ. ವ್ಯತ್ಯಾಸ ಇರುವುದು ಅಲ್ಲೇ.

ರಿಲೋಡ್ ಒತ್ತುವ ಚಟಕ್ಕೂ ಒಂದು ಮದ್ದು ಬಂತು. ಹ್ಯಾಶ್ ಹೊತ್ತ ಕಡತ ಎಂದೂ ಬದಲಾಗದು ಎಂದ ಮೇಲೆ ರಿಲೋಡ್ ಆದಾಗಲೆಲ್ಲ ‘ಬದಲಾಗಿದೆಯೇ?’ ಎಂದು ಕೇಳುವುದು ದಂಡ. ಮೊಜಿಲ್ಲಾದ ಪ್ಯಾಟ್ರಿಕ್ ಮೆಕ್‌ಮಾನಸ್ ಬರೆದ ‘ಇಮ್ಯೂಟಬಲ್’ ಎಂಬ ಸೂಚನೆ 2016ರಲ್ಲಿ ಫೈರ್‌ಫಾಕ್ಸ್‌ಗೆ ಬಂದು 2017ರ ಸೆಪ್ಟೆಂಬರಿನಲ್ಲಿ ಅಧಿಕೃತ ದಾಖಲೆಯಾಯಿತು. ಕ್ರೋಮ್ ಆ ದಾರಿ ಹಿಡಿಯದೆ ರಿಲೋಡ್ ಬಟನ್ನಿನ ನಡತೆಯನ್ನೇ ಹಗುರ ಮಾಡಿಕೊಂಡಿತು.

ಬಿಡಿಸಲು ಅತಿ ಕಷ್ಟದ ಗಂಟು ಸರ್ವಿಸ್ ವರ್ಕರ್. ಇಂಟರ್ನೆಟ್ ಇಲ್ಲದಾಗಲೂ ತಾಣ ತೆರೆದುಕೊಳ್ಳಲೆಂದು ಬ್ರೌಸರಿನೊಳಗೆ ಕೂರುವ ಈ ಸ್ಕ್ರಿಪ್ಟ್, ಪ್ರತಿ ಕೋರಿಕೆಯನ್ನೂ ನಡುವೆ ತಡೆದು ತನ್ನದೇ ಪ್ರತ್ಯೇಕ ದಾಸ್ತಾನಿನಿಂದ ಉತ್ತರ ಕೊಡಬಲ್ಲದು. ಜಾಂಬೋಟಿಯಂಥ ಕಡೆ ಇದು ವರವೇ ಸರಿ. ಆದರೆ ಎಚ್‌ಟಿಎಂಎಲ್ ಅನ್ನೂ ಅದೇ ಹಿಡಿದಿಟ್ಟುಕೊಂಡರೆ ಹೊಸ ಹ್ಯಾಶ್‌ಗಳ ಸುದ್ದಿ ಒಳಗೆ ಬರುವ ಬಾಗಿಲೇ ಮುಚ್ಚಿತು. ಅದಕ್ಕಾಗಿಯೇ ಸರ್ವಿಸ್ ವರ್ಕರ್‌ನ ಕಡತವೊಂದಕ್ಕೆ ಬ್ರೌಸರುಗಳು ವಿನಾಯಿತಿ ಕೊಡುವುದಿಲ್ಲ: ಸರ್ವರ್ ಎಷ್ಟೇ ಉದ್ದದ ಗಡುವು ಬರೆದಿದ್ದರೂ 24 ಗಂಟೆ ದಾಟಿದ ಪ್ರತಿಯನ್ನು ನಂಬದೆ ಹೊಸದಾಗಿ ಕೇಳುತ್ತವೆ. 2018ರಲ್ಲಿ ಬಂದ ಕ್ರೋಮ್ 68ರಿಂದ ಈ ಪರಿಶೀಲನೆ ಸಾಮಾನ್ಯ ಕ್ಯಾಶನ್ನು ಬದಿಗಿಟ್ಟೇ ನಡೆಯುತ್ತದೆ. ಹಾಗಾಗಿ ಆ ಕಡತದ ಹೆಸರಿಗೆ ಮಾತ್ರ ಹ್ಯಾಶ್ ಹಾಕಬಾರದು, ಅದು ಸದಾ ಒಂದೇ ವಿಳಾಸದಲ್ಲಿರಬೇಕು. ತಾಣವನ್ನು ಹೊಸದಾಗಿ ಕಟ್ಟಿ ಸರ್ವಿಸ್ ವರ್ಕರನ್ನು ಕೈಬಿಟ್ಟವರು ಕೂಡ ಹಳೆಯ ಜಾಗದಲ್ಲಿ, ತನ್ನನ್ನು ತಾನೇ ರದ್ದುಮಾಡಿಕೊಳ್ಳುವ ನಾಲ್ಕು ಸಾಲಿನ ಕಡತವೊಂದನ್ನು ಇಟ್ಟು ಬರಬೇಕಾಗುತ್ತದೆ. ಕಳೆದ ಮಳೆಗಾಲದಲ್ಲಿ ತಾಣ ನೋಡಿದ ಹುಬ್ಬಳ್ಳಿಯವರು ಮುಂದಿನ ಮಳೆಗಾಲದಲ್ಲಿ ಮರಳಿ ಬಂದಾಗ, ಅವರ ಫೋನು ಮೊದಲು ವಿಚಾರಿಸುವುದು ಆ ಕಡತವನ್ನೇ.